ಮಣ್ಣಿಗೆ ಹಗುರಾದ ಟ್ರ್ಯಾಕ್ಟರ್

ಅರಳಸುರಳಿ ಊರಿನ ಆಚೆಗಿನ ಅಕೇಶಿಯಾ ತೋಪಿನಲ್ಲಿ ದಿಮ್ಮಿ ಎಳೆಯುತ್ತಿದ್ದುದು ಬೆಳ್ಳಪ್ಪನ ಕೋಣಗಳು, ಕಾಳ ಮತ್ತು ಬೋಳ. ತೋಪಿನ ಹೊಸ ಮ್ಯಾನೇಜರ್ ಶ್ರೀಶನಿಗೆ ಕೋಣ ಹಳೇ ಕಾಲದ್ದಾಗಿ ಕಂಡಿತು. ನೆಲ ಕೆಡಿಸದ ಟ್ರ್ಯಾಕ್ಟರ್ ಆರಿಸಲು ಅವನು ಪರೀಕ್ಷೆ ಇಟ್ಟ. ದಿಮ್ಮಿ ಹೇರಿಕೊಂಡು ಡಿಪೋ ತಲುಪಬೇಕು, ಗಾಲಿ ಗುರುತು ಆಳವಾಗಿ ಬೀಳಬಾರದು. ಯಾವುದೂ ಪಾಸಾಗದಿದ್ದರೆ ಕೆಲಸ ಕೋಣಗಳಿಗೇ. ಪಾಸಾದರೆ ಕೋಣಗಳನ್ನು ಮಾರಬೇಕು. ವಯಸ್ಸಾದ ಕೋಣಗಳನ್ನು ಕೊಳ್ಳುವವರು ಯಾರೆಂದು ಬೆಳ್ಳಪ್ಪನಿಗೆ ಗೊತ್ತಿತ್ತು. ಅದನ್ನು ನೆನೆದರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ.

"ನೀವು ಅಲ್ಲಿಗೆ ಹೋಗ್ಬೇಡಿ. ನಿಮ್ಮ ಕೈ ಸುಮ್ನಿರದಿಲ್ಲ," ಎಂದಳು ಹೆಂಡತಿ ಮೂಕಮ್ಮ.

ಬೆಳ್ಳಪ್ಪ ಹೋದ. ಟ್ರ್ಯಾಕ್ಟರುಗಳು ಫೇಲಾದ ಕೂಡಲೇ ಕೆಲಸ ಶುರು ಮಾಡೋಣವೆಂದು ಕೋಣಗಳನ್ನೂ ಹೊಡೆದುಕೊಂಡೇ ಹೋದ.

ಮೊದಲನೆಯದು ಅಡಿಕೆ ಸಸಿ ನೆಡುವಷ್ಟು ಆಳಕ್ಕೆ ನೆಲ ಬಗೆಯಿತು. ಎರಡನೆಯದು ಜಾರಿ ಮರದ ಬುಡವೊಂದನ್ನು ತಬ್ಬಿಕೊಂಡಿತು. ಪಕ್ಕದ ಮನೆಯ ನಿಂಗಪ್ಪ, ಯಾರ ಕೆಲಸವಾದರೂ ತನ್ನದೇ ಎಂದು ತಿಳಿದವನು, "ಕೋಣಕ್ಕೆ ಹಿಂಡಿ ತರ್ಸೋ ಬೆಳ್ಳಪ್ಪ," ಎಂದ. ಶ್ರೀಶ ಊಟಕ್ಕೆ ಹೋದ.

ಮೂರನೆಯದು ಅಗಲ ಗಾಲಿಯ ಪುಟ್ಟ ಟ್ರ್ಯಾಕ್ಟರು. ಡಿಪೋ ದಾರಿಯ ಜೌಗಿನ ನಡುವೆ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಡ್ರೈವರ್ ಸಚಿನ್ ಎಷ್ಟು ತಿರುಗಿಸಿದರೂ ಎಂಜಿನ್ ಏಳಲಿಲ್ಲ. ಅವನ ಕಣ್ಣು ತುಂಬಿತು.

"ಕೆಲ್ಸಕ್ಕೆ ಸೇರಿ ವಾರ ಆಗಿಲ್ಲ ಮಾವ. ಮನೇಲಿ ಬಾಣಂತಿ ಇದಾಳೆ."

"ಎಳ್ಕೊಡೋ ಮಾರಾಯ," ಎಂದ ನಿಂಗಪ್ಪ. "ಹುಗಿದ ಗಾಡಿ ಬಿಟ್ಟು ಹೋಗೋ ಪದ್ಧತಿ ನಮ್ಮಲ್ಲಿ ಉಂಟಾ?"

ಇರಲಿಲ್ಲ. ಆ ಕಡೆ ಮಾತು ಬಿಟ್ಟ ದಾಯಾದಿಯ ಗಾಡಿ ಹುಗಿದರೂ ನೊಗ ಕಟ್ಟಿ ಎಳೆದುಕೊಟ್ಟು, ಆಮೇಲೆ ಮತ್ತೆ ಮಾತು ಬಿಡುತ್ತಿದ್ದರು. ಬೆಳ್ಳಪ್ಪ ಕೋಣ ಕಟ್ಟಿದ. ಜೌಗು ದಾಟಿಸಿ ಬಿಡುವ ಯೋಚನೆ ಅವನದು. ದಾಟಿದ ಮೇಲೆ, "ಇಷ್ಟು ಎಳ್ದಿದೀಯ, ಡಿಪೋಗೇ ಮುಟ್ಸು," ಎಂದ ನಿಂಗಪ್ಪ. ಕಾಳ, ಬೋಳ ಮೂಗಿನಲ್ಲಿ ನೊರೆ ಬಿಡುತ್ತ, ಗೊರಸೂರಿ ಎಳೆದವು.

"ಸಾಹೇಬ್ರಿಗೆ ಹೇಳ್ಬೇಡಿ ಮಾವ," ಎಂದು ಸಚಿನ್ ಕೈ ಮುಗಿದ. ಎಳೆಮಗುವಿನ ನೆನಪಾಗಿ ಬೆಳ್ಳಪ್ಪ ಹೂಂ ಅಂದುಬಿಟ್ಟ.

ಶ್ರೀಶ ಬಂದ. ಡಿಪೋದಲ್ಲಿ ದಿಮ್ಮಿ ಹೊತ್ತ ಟ್ರ್ಯಾಕ್ಟರ್, ಹಿಂದೆ ಚಾಪೆ ಎಳೆದಷ್ಟೇ ಗುರುತು. ಕುಕ್ಕರಗಾಲಿನಲ್ಲಿ ಕೂತು ಅಳೆದ, ನಕ್ಕ. ಎರಡು ಗಾಲಿಗುರುತಿನ ನಡುವೆ ಕೈಹಾಕಿದಾಗ ಅವನ ನಗು ಹೋಯಿತು.

"ಟ್ರ್ಯಾಕ್ಟರ್ ಪಾಸು. ಈ ಗೊರಸಿನ ಗುಂಡಿ ನೋಡಿ, ಮೊಣಕೈವರೆಗೆ ಹೋಗ್ತದೆ. ನೆಲ ಹಾಳು ಮಾಡ್ತಿರೋದು ಕೋಣಗಳೇ. ನಾಳೆಯಿಂದ ತೋಪಿನೊಳಗೆ ಬಿಡ್ಬೇಡಿ."

ನಿಂಗಪ್ಪ ಬಾಯಿ ತೆರೆದ. ಬೆಳ್ಳಪ್ಪ ಅವನ ತೋಳು ಹಿಡಿದು ತಡೆದ. ಸಚಿನ್‌ಗೆ ಮಾತು ಕೊಟ್ಟಾಗಿತ್ತು.

ಶ್ರೀಶನ ಜೀಪು ಹೋಯಿತು. ಬೆಳ್ಳಪ್ಪ ಬೋಳನ ಕತ್ತಿನ ಬೆವರು ಒರೆಸುತ್ತ ನಿಂತ, ತನ್ನ ಕಣ್ಣು ಒರೆಸಿಕೊಳ್ಳಲಿಲ್ಲ. ಸಚಿನ್ ತಲೆ ತಗ್ಗಿಸಿಕೊಂಡು ಹತ್ತಿರ ಬಂದ.

"ಮಾವ, ಎಂಜಿನ್ ಇನ್ನೂ ಎದ್ದಿಲ್ಲ. ಟಾರ್ ರಸ್ತೆವರೆಗೆ..."

ಬೆಳ್ಳಪ್ಪ ಕೋಣಗಳ ಮುಖ ನೋಡಿದ. ಆಮೇಲೆ ಬಿಚ್ಚಿಟ್ಟಿದ್ದ ನೊಗ ಎತ್ತಿಕೊಂಡ.