ಹೊತ್ತು ಮುಳುಗುವ ಮುನ್ನ ಒಂದು ಸೇಬು

ಬೋರಗಾಂವದ ಸುಜಯನ ಗಂಟಲಿಗೆ ಒಂದೇ ಹದ. ಹುಟ್ಟಿದಾಗಿನಿಂದ ಪವರ್‌ಲೂಮ್ ಮಗ್ಗಗಳ ಖಟಖಟದ ಮೇಲೆ ಕೂಗಿ ಕೂಗಿ ಅದು ಅಲ್ಲಿಯೇ ನಿಂತುಬಿಟ್ಟಿತ್ತು. ಅವನು ಹೆಂಡತಿಯ ಕಿವಿಯಲ್ಲಿ ಗುಟ್ಟು ಹೇಳಿದರೆ ಎದುರುಮನೆಯ ಲಕ್ಷ್ಮಿಬಾಯಿ ತನ್ನ ಕಟ್ಟೆಯ ಮೇಲೆ ಕೂತಲ್ಲಿಂದಲೇ ‘ಹೂಂ’ ಅನ್ನುತ್ತಿದ್ದಳು. ಆ ದಿನದ ರಾದ್ಧಾಂತಕ್ಕೆಲ್ಲ ಮೂಲ ಈ ಗಂಟಲೇ ಹೊರತು, ಪಾಪ, ಆ ಹಂದಿಯಲ್ಲ.

ಅಂದು ಕ್ಷಮಾವಣಿ. ದಶಲಕ್ಷಣ ಪರ್ವ ಮುಗಿದಿತ್ತು, ಮಗ್ಗಗಳಿಗೆ ರಜೆ. ಊರಿನ ಜೈನರೆಲ್ಲ ಒಬ್ಬರ ಮನೆಗೊಬ್ಬರು ಹೋಗಿ, ಕೈಮುಗಿದು ‘ಉತ್ತಮ ಕ್ಷಮಾ’ ಎಂದು ವರ್ಷದ ತಪ್ಪುಗಳನ್ನೆಲ್ಲ ಒಪ್ಪಿಸಿ ಹಗುರಾಗುವ ದಿನ. ಸುಜಯ ಮುಂಜಾನೆಯೇ ಬಸದಿಯಲ್ಲಿ ಕಂಡಕಂಡವರಿಗೆಲ್ಲ ಕೈಮುಗಿದಿದ್ದ. ಇಚಲಕರಂಜಿಯ ನೂಲಿನ ವ್ಯಾಪಾರಿಗೆ ಫೋನು ಮಾಡಿ, ಬೈದದ್ದಕ್ಕೂ ಬೈಯಬೇಕೆಂದುಕೊಂಡು ಮರೆತದ್ದಕ್ಕೂ ಸೇರಿಸಿ ಕ್ಷಮೆ ಕೇಳಿದ್ದ. ಕೇಳದೆ ಉಳಿದದ್ದು ಒಬ್ಬಳಲ್ಲಿ ಮಾತ್ರ. ಮಗಳು ಅಪೂರ್ವ.

ಕಾಲೇಜಿಗೆಂದು ಕೊಲ್ಲಾಪುರದ ಹಾಸ್ಟೆಲ್ಲಿಗೆ ಹೊರಡುವ ಮುಂಚಿನ ಬೇಸಿಗೆಯಲ್ಲಿ ಅವಳು ಟಿವಿಗೆ ಒಂದು ಆಟದ ಪೆಟ್ಟಿಗೆ ಜೋಡಿಸಿಕೊಂಡು ಕೂತಿರುತ್ತಿದ್ದಳು. ಆಟದೊಳಗೆ ಒಂದು ದೊಡ್ಡ ರಾಜ್ಯ. ಕಾಡು, ಹೊಳೆ, ಗುಡ್ಡ. ಒಬ್ಬ ವೀರ ಕತ್ತಿ ಕಟ್ಟಿಕೊಂಡು ಎಲ್ಲಿ ಬೇಕಾದರೂ ಅಲೆಯಬಹುದು. “ಪಪ್ಪಾ, ಬರ್ರಿ ಇಲ್ಲೆ, ಗುಡ್ಡ ಎಷ್ಟ ಚಂದ ಐತಿ ನೋಡ್ರಿ” ಎಂದು ಅವಳು ಕರೆಯುತ್ತಿದ್ದಳು. ಒಂದು ದಿನ ನೂಲಿನ ಸಿಟ್ಟನ್ನು ತಲೆಯಲ್ಲಿ ಹೊತ್ತು ಬಂದ ಸುಜಯ, “ಖೊಟ್ಟಿ ಗುಡ್ಡಾ ನೋಡಾಕ ನನಗ ವ್ಯಾಳ್ಯಾ ಇಲ್ಲ. ನಿನ್ನನ್ನ ನನ್ನ ಮಗಳಂತ ನಾಲ್ಕ ಮಂದ್ಯಾಗ ಹೇಳಾಕ ನಾಚಿಕಿ ಬರತೈತಿ” ಎಂದುಬಿಟ್ಟ. ಅವನ ಲೆಕ್ಕದಲ್ಲಿ ಅದು ಮೆಲುದನಿ. ಓಣಿಯ ನಾಲ್ಕು ಮಂದಿಯೇನು, ನಲವತ್ತು ಮಂದಿ ಕೇಳಿಸಿಕೊಂಡರು.

ಅಪೂರ್ವ ಟಿವಿ ಆರಿಸಿದಳು. ಆಟದ ರಿಮೋಟನ್ನು ತಾನೇ ಕಪಾಟಿನಲ್ಲಿ, ‘ಆಯಿ’ ಎಂದು ಕರೆಯುವ ತಾಯಿಯ ಇಳಕಲ್ ಸೀರೆಯ ಕೆಳಗೆ ಇಟ್ಟಳು. ಅಂದಿನಿಂದ ಫೋನಿನಲ್ಲಿ ಅಪ್ಪನಿಗೆ ಸಿಗುತ್ತಿದ್ದದ್ದು ಇಷ್ಟೇ: “ಊಟ ಆತ್ರಿ. ಆಯಿ ಕಡೆ ಕೊಡ್ರಿ.”

ಸಂಜೆಯ ಬಸ್ಸಿಗೆ ಅವಳು ಬರುವವಳಿದ್ದಳು. ನೂಲಿನ ವ್ಯಾಪಾರಿಗೆ ಸಲೀಸಾಗಿ ಹೊರಟ ಮಾತು ಮಗಳ ಮುಂದೆ ಗಂಟಲಲ್ಲೇ ಗಂಟು ಬೀಳುತ್ತದೆಂದು ಸುಜಯನಿಗೆ ಗೊತ್ತಿತ್ತು. ಅದರ ಬದಲು, ‘ನಿನ್ನ ಗುಡ್ಡ ಹತ್ತಿ ಬಂದೆನವ್ವಾ’ ಅಂದರೆ? ಅಷ್ಟರಲ್ಲಿ ಎಲ್ಲ ಬಂತಲ್ಲ! ಇಳಕಲ್ ಸೀರೆಯ ಕೆಳಗಿನಿಂದ ರಿಮೋಟು ಹೊರಬಂತು.

ಆರಂಭವೇ ಅಪಶಕುನ. ವೀರ ಎರಡು ಹೆಜ್ಜೆ ನಡೆದು ಹೊಳೆಗೆ ಬಿದ್ದ. ಮತ್ತೆ ಹುಟ್ಟಿ ಬಂದು ಕುದುರೆ ಹತ್ತಹೋದ. ಕುದುರೆ ಸಾಲ ಕೇಳಲು ಬಂದ ನೆಂಟನನ್ನು ಕಂಡಂತೆ ಓಡಿಹೋಯಿತು. ಹಸಿವಾಯಿತೆಂದು ತೆರೆ ತೋರಿಸಿತು. ಅಡಿಗೆಗೆ ಸಿಕ್ಕ ಸಾಮಾನು ನೋಡಿದರೆ ಉಳ್ಳಾಗಡ್ಡಿ, ಗಜ್ಜರಿ, ಅಣಬೆ, ಒಂದು ಮೊಲ.

“ಛೀ ಛೀ, ಗಡ್ಡಿ ಗೆಣಸು ನಾವ್ ಮುಟ್ಟೂದಿಲ್ಲ” ಎಂದು ಸುಜಯ ಟಿವಿಗೇ ಹೇಳಿದ. ಮೊಲದ ಮಾತಂತೂ ಎತ್ತುವಂತೆಯೇ ಇರಲಿಲ್ಲ. ವೀರ ಉಪವಾಸದಿಂದ ಒರಗಿದ. ಮುಂದಿನ ಜನ್ಮದಲ್ಲಿ ಪೊದೆಯಿಂದ ಒಂದು ಕಾಡುಹಂದಿ, ಬಾಕಿ ವಸೂಲಿಗೆ ಬಂದಂತೆ, ನೇರ ಅವನ ಹೊಟ್ಟೆಗೇ ಬಂತು. ತೆರೆಯ ಮೂಲೆಯಲ್ಲಿ ಕೆಂಪು ಗುಂಡಿ ಮಿನುಗಿತು: ಒತ್ತಿದರೆ ಕತ್ತಿ. ಕ್ಷಮಾವಣಿಯ ದಿನ ಕತ್ತಿಯೇ? ಸುಜಯ ಗುಂಡಿಯಿಂದ ಬೆರಳನ್ನು ಆದಷ್ಟು ದೂರ ಹಿಡಿದು ಕೈಮುಗಿದ. ಹಂದಿಗೆ ಆ ಭಾಷೆ ತಿಳಿಯಲಿಲ್ಲ.

“ಸತ್ನೆಪ್ಪಾ! ಮತ್ತ ಸತ್ನಿ!”

ಓಣಿಯ ಪಾರಿವಾಳಗಳು ಹಾರಿದವು. ಲಕ್ಷ್ಮಿಬಾಯಿ ಸೆರಗು ಸಾವರಿಸಿಕೊಳ್ಳುತ್ತ ಓಡಿಬಂದಳು. “ಯಾರ ಸತ್ರಬೇ ಮನಿಷಾ? ಹಬ್ಬದ ದಿನಾ ಹಿಂಗ್ಯಾಕ ಬಾಯಿ ಮಾಡಾಕತ್ತಾನ ನಿನ್ನ ಗಂಡ?”

“ಯಾರೂ ಸತ್ತಿಲ್ರಿ ಕಾಕು” ಎಂದಳು ಮನಿಷಾ, ಅಡಿಗೆಮನೆಯಿಂದಲೇ. “ಇವ್ರ ಸಾಯಾಕತ್ತಾರ, ಟಿವ್ಯಾಗ. ಮುಂಜಾನಿಂದ ಇದ ನಡದೈತಿ.”

ಲಕ್ಷ್ಮಿಬಾಯಿಯ ಹಿಂದೆಯೇ ಕಾಕಾಸಾಹೇಬರು ಬಂದರು. ಬಸದಿಯ ಕಮಿಟಿಯವರು. ಊರಲ್ಲಿ ಯಾರ ಮನೆಯ ಹಾಲುಕ್ಕಿದರೂ ಒಲೆಗಿಂತ ಮೊದಲು ಅವರಿಗೆ ಸುದ್ದಿ ಮುಟ್ಟಬೇಕು. ಒಬ್ಬರಿಗೊಬ್ಬರು ‘ಉತ್ತಮ ಕ್ಷಮಾ’ ಹೇಳಿಕೊಂಡದ್ದಾಯಿತು. ಹೇಳಿದವರು ಹೋಗಬೇಕಲ್ಲ? ಇಬ್ಬರೂ ಸೋಫಾದ ಮೇಲೆ ಸುಜಯನ ಎಡಬಲಕ್ಕೆ ಕೂತರು. ಅಷ್ಟರಲ್ಲಿ ಹಂದಿ ಮತ್ತೆ ಬಂತು.

“ಹೊಡಿಯೋ ಅದನ್ನ!” ಎಂದು ಕಾಕಾಸಾಹೇಬರು ಜಿಗಿದೆದ್ದರು. “ಕತ್ತಿ ಐತಲ್ಲ ಟೊಂಕದಾಗ, ಪೂಜಾ ಮಾಡಾಕ ಇಟ್ಟೀಯೇನ?”

“ಹೊಡಿ ಅಂತೀರಿ? ಇವತ್ತ? ಅದೂ ನೀವು?”

ಕಾಕಾಸಾಹೇಬರು ಕೆಮ್ಮಿ ಕೂತರು. “ಹೊಡಿ ಅಂತಲ್ಲೋ… ಹೆದರಸು ಅಂತ ಹೇಳಿದ್ನಿ.”

ಸುಜಯನ ವೀರ ಓಡಿ ಓಡಿ ಒಂದು ಸೇಬಿನ ಗಿಡ ಹತ್ತಿದ. ಹಂದಿ ಕೆಳಗೆ ಗುರುಗುಟ್ಟುತ್ತ ನಿಂತಿತು. ಏನು ಮಾಡುವುದೆಂದು ತೋಚದೆ ಸುಜಯ ಸಿಕ್ಕ ಗುಂಡಿ ಒತ್ತಿದ. ವೀರನ ಕೈಯಿಂದ ಒಂದು ಸೇಬು ಉದುರಿತು. ಹಂದಿ ಮೂಸಿ ನೋಡಿತು, ತಿಂದಿತು, ತಲೆಯೆತ್ತಿತು. ಇನ್ನೊಂದು ಸೇಬು. ಮೂರನೆಯದಕ್ಕೆ ಬಾಲ ಅಲ್ಲಾಡಿಸಿತು. ವೀರ ಗಿಡ ಇಳಿದು ನಡೆದರೆ ಹಂದಿ ಸಾಕಿದ ಕರುವಿನಂತೆ ಹಿಂದೆಯೇ ಬಂತು.

“ಅಯ್ಯ ನಮ್ಮಪ್ಪಾ, ಅದಕ್ಕ ಹಸಿವಿ ಆಗಿತ್ತು ನೋಡ!” ಎಂದು ಲಕ್ಷ್ಮಿಬಾಯಿ ಕಣ್ಣೊರೆಸಿಕೊಂಡಳು.

ಅಲ್ಲಿಂದ ಆಟ ಬೇರೆಯೇ ಆಯಿತು. ಸೇಬು ಕೊಟ್ಟರೆ ಕುದುರೆಯೂ ನಿಂತಿತು. ಆಟದೊಳಗಿನ ಸೂರ್ಯನಿಗೆ ಮಾತ್ರ ಬಲು ಅವಸರ. ಒಂದು ಲೋಟ ಚಹಾ ಕುಡಿಯುವುದರೊಳಗೆ ಪಶ್ಚಿಮಕ್ಕೆ ಜಾರುತ್ತಿದ್ದ. ಹೊತ್ತು ಮುಳುಗಿದ ಮೇಲೆ ಉಣ್ಣದ ಜೈನರ ಪದ್ಧತಿಯಂತೆ, ಅವನು ಕೆಂಪಗಾದಾಗಲೆಲ್ಲ ಸುಜಯ ಎಲ್ಲ ಕೆಲಸ ಬಿಟ್ಟು ವೀರನಿಗೆ ಸೇಬು ತಿನ್ನಿಸುತ್ತಿದ್ದ.

“ತಿನಸೋ ಲಗು, ಹೊತ್ತ ಮುಳಗತೈತಿ” ಎಂದು ಲಕ್ಷ್ಮಿಬಾಯಿ ನೆನಪಿಸುತ್ತಿದ್ದಳು. “ಕತ್ತಲಾದ ಮ್ಯಾಲೆ ನೀರೂ ಕುಡಸಬ್ಯಾಡ ಮತ್ತ.”

ಮನಿಷಾ ಬಾಗಿಲಲ್ಲಿ ನಿಂತು ಮೊಬೈಲಿನಲ್ಲಿ ಸದ್ದಿಲ್ಲದೆ ಒಂದು ಫೋಟೊ ಹೊಡೆದು ಯಾರಿಗೋ ಕಳಿಸಿದಳು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಕುದುರೆ, ಹಿಂದೆ ಹಂದಿ, ಎರಡನ್ನೂ ಕರೆದುಕೊಂಡು ವೀರ ಗುಡ್ಡದ ತುದಿ ಮುಟ್ಟಿದ. ಕೆಳಗೆ ಮಂಜು ಸರಿದು ಇಡೀ ರಾಜ್ಯ ಬಿಚ್ಚಿಕೊಂಡಿತು. ಬೆಳ್ಳಿಯ ಎಳೆಯಂಥ ಹೊಳೆ, ಯಾರೋ ಹಾಸಿ ಮರೆತುಹೋದ ಪಟ್ಟೆಯಂಥ ಹೊಲಗಳು, ಹೆಸರೇ ಇಲ್ಲದ ದಾರಿಗಳು. ಹೀಗೇ ಹೋಗು ಅನ್ನುವವರಿಲ್ಲ, ಹೊತ್ತಾಯಿತು ಅನ್ನುವವರಿಲ್ಲ. ಮಗ್ಗದ ಲಾಳಿಯ ಹಾಗೆ ಬೋರಗಾಂವ–ಇಚಲಕರಂಜಿ, ಬೋರಗಾಂವ–ಇಚಲಕರಂಜಿ ಎಂದು ಆಯುಷ್ಯವೆಲ್ಲ ಓಡಾಡಿದ ಸುಜಯನ ಎದೆಯಲ್ಲಿ ಏನೋ ಸಡಿಲಾಯಿತು. ಇದನ್ನು ತೋರಿಸಲಿಕ್ಕೇ ಹುಡುಗಿ ಬೇಸಿಗೆಯುದ್ದಕ್ಕೂ ಕರೆದಿದ್ದಳು. ಎದ್ದು ಬರಲು ಎಷ್ಟು ಹೊತ್ತು ಬೇಕಿತ್ತು? ಅಡಿಗೆಮನೆಯಿಂದ ಟಿವಿಯವರೆಗೆ.

ತುದಿಯಲ್ಲಿ ಒಂದು ಕಲ್ಲಿನ ಬಾಗಿಲಿತ್ತು. ಮೇಲೆ ಎರಡು ಕೈಗಳ ಚಿತ್ರ. ಎಷ್ಟು ತಳ್ಳಿದರೂ ಅಲುಗಲಿಲ್ಲ. ಇಬ್ಬರು ಕೂಡಿ ತಳ್ಳಬೇಕೆಂದು ತೆರೆ ಹೇಳಿತು. ಸುಜಯನಿಗೆ ಒಳಗೊಳಗೇ ಹಿಗ್ಗಾಯಿತು. ಇರಲಿ, ಮಗಳ ಬಸ್ಸು ಬರಲಿ.

“ಮುಂಜಾನಿಂದ ನೋಡಾಕತ್ತೀನಿ” ಎಂದರು ಕಾಕಾಸಾಹೇಬರು, ರಿಮೋಟಿನ ಕಡೆ ಬಗ್ಗಿ, “ಈ ಕೆಂಪ ಗುಂಡಿ ಯಾತಕ್ಕ ಅಂತ?”

“ಅದನ್ನ ಮುಟ್ಟಬ್ಯಾಡ್ರಿ…”

ಅಷ್ಟರಲ್ಲಿ ಕಾಕಾಸಾಹೇಬರ ಹೆಬ್ಬೆರಳು ಮುಟ್ಟಿತ್ತು. ಕತ್ತಿ ಒರೆಯಿಂದ ಹಾರಿ, ಸೇಬಿಗಾಗಿ ಮೂತಿ ಚಾಚಿದ್ದ ಹಂದಿಯ ಮೇಲೆ ಇಳಿಯಿತು. ಹಂದಿ ಒಮ್ಮೆ ಕಿರುಚಿ ನಾಲ್ಕೂ ಕಾಲು ಮೇಲೆ ಮಾಡಿ ಉರುಳಿತು. ಗಾಬರಿಯಲ್ಲಿ ಸುಜಯನ ಕೈಯಿಂದ ರಿಮೋಟು ಬಿತ್ತು. ಬಿದ್ದ ಏಟಿಗೆ ಬೇರೊಂದು ಗುಂಡಿ ಒತ್ತಿಕೊಂಡು ಚಿತ್ರ ಇದ್ದಲ್ಲೇ ನಿಂತಿತು. ಅಂಗಾತ ಬಿದ್ದ ಹಂದಿ, ಮೇಲೆ ಕತ್ತಿ ಹಿಡಿದ ವೀರ.

“ಕೊಂದ!” ಎಂದಳು ಲಕ್ಷ್ಮಿಬಾಯಿ. “ಕ್ಷಮಾವಣಿ ದಿನಾ ಕೊಂದ!”

“ನಾ ಅಲ್ರಿ ಕಾಕು, ಇವ್ರ ಒತ್ತಿದ್ರು…”

“ರಿಮೋಟ ಯಾರ ಕೈಯಾಗ ಇತ್ತು?” ಕಾಕಾಸಾಹೇಬರು ಎದ್ದು ನಿಂತರು.

“ಇದು ಖರೇ ಹಂದಿ ಅಲ್ರಿ, ಚಿತ್ರ…”

“ಚಿತ್ರಂತ!” ಎಂದಳು ಲಕ್ಷ್ಮಿಬಾಯಿ. “ಹಿಟ್ಟಿನ ಕೋಳಿ ಮಾಡಿ ಕಡದವ್ರ ಎಷ್ಟ ಜನ್ಮಾ ಅಲದಾಡಿದ್ರು ಅನ್ನೂ ಕತಿ ಸಣ್ಣಾವ ಇದ್ದಾಗ ನನ್ನ ತೊಡಿ ಮ್ಯಾಲ ಕುಂತ ಕೇಳಿಲ್ಲೇನ ನೀ? ಅದೂ ಹಿಟ್ಟ ಇತ್ತು. ಮನಸಿನಾಗಿನ ಕತ್ತೀನೂ ಕತ್ತೀನ!”

ಕಾಕಾಸಾಹೇಬರಿಗೆ ದಾರಿ ಸಿಕ್ಕಿತು. ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಟ್ಟುಕೊಂಡು ಬಾಗಿಲಲ್ಲಿ ನಿಂತು ಸಾರಿದರು. “ಇದನ್ನ ಮನಿಗೆ ತಂದಾಕಿ ಯಾರು? ನಿನ್ನ ಮಗಳು. ಮೂಲಾನ ಅಲ್ಲೈತಿ. ಇವತ್ತ ಬರ್ತಾಳಲ್ಲ? ಬಸ್ ಇಳದಾಕೀನ್ನ ಸೀದಾ ಬಸದಿಗೆ ಕರಕೊಂಡ ಹೋಗಿ ಮುನಿ ಮಹಾರಾಜರ ಮುಂದ ನಿಂದರಸ್ತೀನಿ. ನಾಲ್ಕ ಮಂದ್ಯಾಗ ನಿಯಮ ತಗೊಳ್ಲಿ ಆಕಿ, ಇದನ್ನಿನ್ನ ಮುಟ್ಟೂದಿಲ್ಲಂತ.”

ನಾಲ್ಕು ಮಂದಿಯಲ್ಲಿ. ಆ ಮಾತು ಸುಜಯನಿಗೆ ಬಡಿಯಿತು. ಅದೇ ನಾಲ್ಕು ಮಂದಿಯ ಹೆಸರಲ್ಲಿ ಒಮ್ಮೆ ಅವಳ ಬಾಯಿ ಮುಚ್ಚಿಸಿದ್ದು ಸಾಲದೇ?

“ಆಕೀದ ಏನೂ ತಪ್ಪಿಲ್ಲ” ಎಂದ. “ನಡೀರಿ, ನಾ ತಗೋತೀನಿ ನಿಯಮಾ.”

ಚಾತುರ್ಮಾಸಕ್ಕೆ ಬಂದಿದ್ದ ಮುನಿ ಮಹಾರಾಜರು ಎಲ್ಲವನ್ನೂ ಸಾವಧಾನವಾಗಿ ಕೇಳಿದರು. ತುಟಿಯಂಚಿನಲ್ಲಿ ಸಣ್ಣ ನಗೆಯಿತ್ತು. “ಎಷ್ಟ ದಿನದ್ದು ತಗೋತೀರಿ? ಒಂದ ತಿಂಗಳ ಸಾಕಲ್ಲ?” ಎಂದರು.

“ಜೀವನಪರ್ಯಂತ್ರಿ ಮಹಾರಾಜ್” ಎಂದರು ಹಿಂದಿನಿಂದ ಕಾಕಾಸಾಹೇಬರು.

“ಅವರ ಹೇಳ್ಲಿ. ವಿಚಾರ ಮಾಡಿ ಹೇಳ್ರಿ.”

ಸುಜಯ ಹಿಂದಿರುಗಿ ನೋಡಿದ. ಅರ್ಧ ಊರು ನಿಂತಿತ್ತು. ತಿಂಗಳೆಂದರೆ ತಿಂಗಳು ಮುಗಿದ ಮೇಲೆ ಮತ್ತೆ ಮಗಳ ಹೆಸರು ಎತ್ತುತ್ತಾರೆ. ಒಂದೇ ಏಟಿಗೆ ಮುಗಿದು ಹೋಗಲಿ. “ಜೀವನಪರ್ಯಂತ್ರಿ” ಎಂದ. ಬಸದಿಯ ಘಂಟೆಯೂ ಅಷ್ಟು ಜೋರಾಗಿ ಎಂದೂ ಮೊಳಗಿರಲಿಲ್ಲ.

ಮನೆಗೆ ಬಂದರೆ ಅಪೂರ್ವ ಬಂದಾಗಿತ್ತು. ಚಪ್ಪಲಿ ಬಾಗಿಲಲ್ಲಿ, ಚೀಲ ಸೋಫಾದ ಮೇಲೆ, ಅವಳು ಟಿವಿಯ ಮುಂದೆ. ಅಪ್ಪನನ್ನು ಕಂಡು ಎದ್ದು ಎರಡೂ ಕೈ ಜೋಡಿಸಿದಳು.

“ಉತ್ತಮ ಕ್ಷಮಾ, ಪಪ್ಪಾ. ಫೋನಿನ್ಯಾಗ ಸರಿಯಾಗಿ ಮಾತಾಡ್ಲಿಲ್ಲ ನಾ. ಆಯಿ ಫೋಟೊ ಕಳಿಸಿದ್ಳು. ನೀವ್ ನನ್ನ ಆಟ ಆಡೂದನ್ನ ನೋಡಿ ಹಾಸ್ಟೆಲ್ಲಿನ್ಯಾಗ ಕುಣದಬಿಟ್ನಿ.” ಚೀಲದಿಂದ ಇನ್ನೊಂದು ರಿಮೋಟು ತೆಗೆದಳು. “ಗೆಳತಿ ಸಪನಾಳ ಕಡಿಂದ ಕೇಳಿ ತಂದೀನಿ. ಆ ಬಾಗಲಾ ಇಬ್ರ ತಳ್ಳಬೇಕು. ನಾನೂ ಇನ್ನೂ ತಗದಿಲ್ಲ. ಬರ್ರಿ, ಕೂಡೇ ತಳ್ಳೂಣು.”

ಸುಜಯನೂ ಎರಡೂ ಕೈ ಜೋಡಿಸಿದ. ಬೇಸಿಗೆಯಿಂದ ಸಿಕ್ಕಿಬಿದ್ದಿದ್ದ ಮಾತು ನಾಲಿಗೆಯವರೆಗೆ ಬಂತು. “ಅಪ್ಪೂ, ನಾನೂ ನಿನಗ…”

“ಅವ್ರ ಮುಟ್ಟೂಹಂಗಿಲ್ಲ!” ಕಾಕಾಸಾಹೇಬರು ಒಳಗೆ ಬಂದರು, ನಿಯಮ ಪಾಲನೆಯಾಗುತ್ತಿದೆಯೇ ನೋಡಲು. “ಜೀವನಪರ್ಯಂತ ಬಿಟ್ಟಾರ. ಹಂದಿ ಕೊಂದಾರ ನಿಮ್ಮಪ್ಪ.”

ಅಪೂರ್ವ ಅಪ್ಪನನ್ನು ನೋಡಿದಳು, ತೆರೆಯನ್ನು ನೋಡಿದಳು. ಕೆಳಗೆ ಬಿದ್ದ ರಿಮೋಟನ್ನು ಎತ್ತಿ ಒಂದು ಗುಂಡಿ ಒತ್ತಿದಳು. ನಿಂತ ಚಿತ್ರ ಓಡಿತು. ಹಂದಿ ಒಂದು ಕಾಲು ಅಲ್ಲಾಡಿಸಿತು, ಸೀನಿತು, ಎದ್ದು ಮೈ ಕೊಡವಿಕೊಂಡು ವೀರನ ಚೀಲದಲ್ಲಿ ಸೇಬು ಹುಡುಕಿತು.

“ಇದ್ರಾಗ ಪ್ರಾಣಿ ಸಾಯೂದಿಲ್ಲ ಪಪ್ಪಾ” ಎಂದಳು ಮೆಲ್ಲಗೆ. “ಮೂರ್ಛೆ ಹೋಗಿ ಏಳ್ತಾವ. ಅದಕ್ಕಂತ ನಾ ಇದನ್ನ ಆರಿಸಿದ್ನಿ. ನಿಮಗ ಅವತ್ತ ಅದನ್ನೂ ಹೇಳಬೇಕಂತ ಮಾಡಿದ್ನಿ.”

ಸುಜಯ ಆಸೆಯಿಂದ ಕಾಕಾಸಾಹೇಬರ ಮುಖ ನೋಡಿದ.

“ಹಂದಿ ಎದ್ದರೇನಾತು? ನಿಯಮಾ ಅಂದ್ರ ನಿಯಮಾ” ಎಂದರು ಅವರು, ಕಣ್ಣನ್ನು ತೆರೆಯಿಂದ ಕೀಳದೆ. ಸ್ವಲ್ಪ ಹೊತ್ತು ನಿಂತರು. ಆಮೇಲೆ ಸೋಫಾದ ಅಂಚಿಗೆ ಕೂತರು. ಆಮೇಲೆ ಒಳಗೆ ಸರಿದರು. “ಸತ್ತಿಲ್ಲಂದ ಮ್ಯಾಲೆ ಹಿಂಸಾ ಎಲ್ಲಿಂದ ಬಂತು? ಆಟದಾಗ ದೋಷ ಏನಿಲ್ಲ. ನಾ ಅಂತೂ ನಿಯಮಾ ತಗೊಂಡಿಲ್ಲ. ತಾ ಇಲ್ಲೆ ಅವ್ವಿ ಆ ಎರಡನೇದ, ಖಾಲಿನ ಐತಲ್ಲ?”

ಅಪೂರ್ವ ಅಪ್ಪನ ಕಡೆ ನೋಡಿದಳು. ಸುಜಯ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, “ಆಡ್ರಿ, ಆಡ್ರಿ” ಎಂದ.

ಅವರು ಆಡಿದರು. ಕಾಕಾಸಾಹೇಬರ ವೀರ ಎರಡು ಸಲ ಹೊಳೆಗೆ ಬಿದ್ದ, ಅಪೂರ್ವ ಎರಡು ಸಲವೂ ಎತ್ತಿ ತಂದಳು. “ಹಿಂಗಲ್ರಿ ಅಜ್ಜಾರ, ಹಂಗ!” ಎಂದು ಹೊಟ್ಟೆ ಹಿಡಿದು ನಕ್ಕಳು. ಆ ನಗೆಯನ್ನು ಸುಜಯ ಬೇಸಿಗೆಯಿಂದ ಕೇಳಿರಲಿಲ್ಲ. ಆಟದ ಸೂರ್ಯ ಕೆಂಪಗಾದಾಗ ತಡೆಯಲಾರದೆ, “ಸೇಬ ತಿನಸ್ರೆವಾ, ಹೊತ್ತ ಮುಳಗಾಕತ್ತೈತಿ” ಎಂದ. ಅವರಿಗೆ ಕೇಳಿಸಲಿಲ್ಲ. ಬೋರಗಾಂವದಲ್ಲಿ ಸುಜಯನ ಮಾತು ಯಾರಿಗಾದರೂ ಕೇಳಿಸದೆ ಹೋದದ್ದು ಅದೇ ಮೊದಲು.

ಗುಡ್ಡದ ತುದಿಯಲ್ಲಿ ಇಬ್ಬರೂ ಕೂಡಿ ತಳ್ಳಿದರು. ಕಲ್ಲಿನ ಬಾಗಿಲು ನರಳುತ್ತ ತೆರೆಯಿತು, ಅವರನ್ನು ಒಳಗೆ ಬಿಟ್ಟುಕೊಂಡು ಮುಚ್ಚಿಕೊಳ್ಳತೊಡಗಿತು. ಸೋಫಾದ ಮೇಲೆ ಇಬ್ಬರೂ ಹಿಗ್ಗಿನಿಂದ ಕೂಗಾಡುತ್ತಿದ್ದರು. ಮುಚ್ಚುವ ಮುನ್ನ ಸುಜಯನಿಗೆ ಕಂಡದ್ದು ಹಂದಿ. ಅದು ಈಚೆಗೇ ಉಳಿದಿತ್ತು. ಬಾಗಿಲನ್ನು ಒಮ್ಮೆ ಮೂಸಿ, ಕಾಲು ಮಡಚಿ ಕೂತಿತ್ತು.

“ಉತ್ತಮ ಕ್ಷಮಾ” ಎಂದ ಸುಜಯ. ತನ್ನ ಜನ್ಮದಲ್ಲೇ ಅತ್ಯಂತ ಮೆಲುದನಿಯಲ್ಲಿ, ಮಗಳಿಗೆ.

ಎದುರುಮನೆಯ ಕಟ್ಟೆಯ ಮೇಲಿಂದ ಲಕ್ಷ್ಮಿಬಾಯಿ ‘ಹೂಂ’ ಅಂದಳು.