ಹೆಣದ ಪಾತ್ರ

ಅಮ್ಮ ತೀರಿಕೊಂಡು ತಿಂಗಳಾದರೂ ಗೋದಾಮಿನ ಗುಮಾಸ್ತನ ಕಣ್ಣಿನಿಂದ ಒಂದು ಹನಿಯೂ ಉದುರಿರಲಿಲ್ಲ. ಅಳಬೇಕೆಂಬ ಆಸೆ ಅವನಿಗೇನು ಕಡಿಮೆಯಿರಲಿಲ್ಲ. ಎದೆಯ ಮೇಲೆ ಗೋಣಿಚೀಲ ಹೇರಿದಂಥ ಭಾರ. ಅನ್ನ ಸೇರದು, ನಿದ್ದೆ ಹತ್ತದು. ಅದು ಅಕ್ಕನಿಗೆ ಕಾಣಬೇಕಲ್ಲ!

"ಹೆತ್ತವಳು ಹೋದ್ರೂ ಕಲ್ಲಿನ ಹಾಗೆ ಕೂತಿದ್ದೀಯಲ್ಲೋ. ನೀನು ಅತ್ತ ದಿನ ಬಾ, ಆಮೇಲೆ ಅಕ್ಕ ಅನ್ನು," ಎಂದು ಅವಳು ಅಂದು ಬೆಳಿಗ್ಗೆ ತನ್ನ ಮನೆಯ ಬಾಗಿಲು ಹಾಕಿಕೊಂಡಳು. ತನ್ನವರೆಂದು ಅವನಿಗೆ ಉಳಿದದ್ದು ಅವಳೊಬ್ಬಳೇ.

ಸುದ್ದಿ ಅವನಿಗಿಂತ ಮೊದಲು ಗೋದಾಮು ಮುಟ್ಟಿತ್ತು. ಲಾರಿ ಡ್ರೈವರ್ ಎದುರಿಗೆ ಕೂರಿಸಿಕೊಂಡು ಅವನ ಕೈಯಲ್ಲಿ ಈರುಳ್ಳಿ ಹೆಚ್ಚಿಸಿದ. ಕಣ್ಣು ಉರಿಯಿತೇ ಹೊರತು ಅಳು ಬರಲಿಲ್ಲ. ಮ್ಯಾನೇಜರರ ಮದ್ದು ಬೇರೆ. ಅಂದು ಸಂಜೆ ಕೆಲಸಗಾರರ ನಾಟಕ, ನಿರ್ದೇಶಕರು ಅವರೇ.

"ದುಃಖದ ನಾಟಕ ಕಣಯ್ಯಾ. ನೋಡಿದವರ ಎದೆಯೆಲ್ಲ ತೊಳೆದು ಹೋಗತ್ತೆ. ಬಂದು ಮುಂದೆ ಕೂತ್ಕೋ. ನಿಮ್ಮಕ್ಕನಿಗೂ ಹೇಳಿ ಕಳಿಸ್ತೀನಿ."

ಮಧ್ಯಾಹ್ನ ಹೆಣದ ಪಾತ್ರಧಾರಿಗೆ ಕೆಮ್ಮು ಹತ್ತಿಕೊಂಡಿತು. ಕೆಮ್ಮುವ ಹೆಣವನ್ನು ಯಾರು ನಂಬುತ್ತಾರೆ? ಮ್ಯಾನೇಜರರ ಕಣ್ಣು ಗುಮಾಸ್ತನ ಮೇಲೆ ಬಿತ್ತು.

"ನಿನ್ನ ಮುಖ ಹೇಗೂ ಅಲ್ಲಾಡೋದಿಲ್ಲ. ಬಾ, ಮಲ್ಕೋ."

"ಸಾರ್, ನಾನು ಅಳೋಕೆ ಅಂತ ಬಂದಿದ್ದು!"

"ಮಲ್ಕೊಂಡೇ ಕೇಳಿಸ್ಕೋ."

ಪರದೆ ಎದ್ದಿತು. ಹೊದಿಸಿದ ಬಟ್ಟೆ ಒಂದು ಗೇಣು ಗಿಡ್ಡವಾಗಿ, ಪಾದಗಳೆರಡೂ ಹೊರಗೇ ಉಳಿದವು. ತಾಯಿಯ ಪಾತ್ರದ ಕ್ಯಾಂಟೀನ್ ಅಡುಗೆಯಾಕೆ ಎದೆ ಬಡಿದುಕೊಂಡು ಅತ್ತಳು. ಅವನಿಗೆ ಏನೂ ಆಗಲಿಲ್ಲ. ಆಮೇಲೆ ಅವಳ ಕೈ ಅವನ ಪಾದಕ್ಕೆ ತಾಕಿತು. ನಾಟಕದಲ್ಲಿಲ್ಲದ ಮಾತು ಅವಳ ಬಾಯಿಗೆ ಬಂದುಬಿಟ್ಟಿತು.

"ಕಾಲು ಇಷ್ಟು ತಣ್ಣಗಿದೆಯಲ್ಲೋ ಮಗಾ, ಹೊದ್ಕೋಬಾರ್ದಾ?"

ದಿನಾ ಮಲಗುವಾಗ ಅಮ್ಮ ಅನ್ನುತ್ತಿದ್ದುದು ಅದನ್ನೇ. ತಾಯಿ ಮಗ ಇಬ್ಬರೇ ಇದ್ದ ಮನೆಯಲ್ಲಿ ಆ ಮಾತನ್ನು ಕೇಳಿದವರು ಬೇರೆ ಯಾರೂ ಇಲ್ಲ. ಹೆಣ ಬಿಕ್ಕಿತು. ತುಟಿ ಕಚ್ಚಿ ಹಿಡಿದರೂ ತಡೆಯಲಾಗದೆ ಎದ್ದು ಕೂತು, "ಅಮ್ಮಾ!" ಎಂದು ಗೋಳೋ ಎಂದು ಅತ್ತಿತು. ಸಭೆ ಒಂದು ಕ್ಷಣ ದಂಗಾಗಿ, ಮರುಕ್ಷಣವೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮ್ಯಾನೇಜರರು ತಲೆ ಚಚ್ಚಿಕೊಳ್ಳುತ್ತ ಪರದೆ ಇಳಿಸಿದರು.

ಅವರ ಬೈಗುಳ ಅವನ ಕಿವಿಗೆ ಬೀಳಲೇ ಇಲ್ಲ. ತಿಂಗಳ ಭಾರ ಇಳಿದು ಎದೆ ಹಗುರಾಗಿತ್ತು. ಒದ್ದೆ ಮುಖದಲ್ಲೇ, ಸಭೆಯಲ್ಲಿ ಕೂತಿದ್ದ ಅಕ್ಕನ ಬಳಿಗೆ ಓಡಿದ.

"ಅಕ್ಕಾ, ಅತ್ತುಬಿಟ್ಟೆ ಕಣೇ! ನೋಡಿದ್ಯಾ?"

"ನೋಡಿದೆ," ಎಂದು ಅಕ್ಕ ಎದ್ದಳು. "ಹೆತ್ತವಳಿಗೆ ಒಂದು ಹನಿ ಇರ್ಲಿಲ್ಲ. ನಾಟಕಕ್ಕಾದ್ರೆ ಕೊಡಗಟ್ಟಲೆ ಸುರಿಸ್ತೀಯ! ಇನ್ಮೇಲೆ ನೀನು ನಿಜವಾಗಿ ಅತ್ರೂ ನಾನು ನಂಬಲ್ಲ ಬಿಡು."

ಅವನು ಬಾಗಿಲ ತನಕ ಹಿಂದೆಯೇ ಹೋದ. ಇನ್ನೊಮ್ಮೆ ಅತ್ತು ತೋರಿಸೋಣವೆಂದು ಮುಖ ಹಿಂಡಿದ. ಇದ್ದದ್ದೆಲ್ಲ ಆಗಲೇ ಖರ್ಚಾಗಿಹೋಗಿತ್ತು.