ಸೋಲಾಪುರದ ಬಸ್ಸಿನಲ್ಲಿ ಭಿನ್ನರಾಶಿ ಕಲಿತ ಮೊಬೈಲಿಗೆ

ಮೈಂದರ್ಗಿಯ ಶಿವರಾಯರ ಅಂಗಿಯ ಎಡಜೇಬಿನಲ್ಲಿ ಸದಾ ವಿರಾಜಮಾನರಾಗಿರುವ ಮಾನ್ಯ ಮೊಬೈಲ್ ಫೋನ್ ಅವರ ಸನ್ನಿಧಿಗೆ, ಇಲ್ಲಿನ ಕನ್ನಡ ಶಾಲೆಯ ಐದನೇ ತರಗತಿಯ ಗಣಿತ ಶಿಕ್ಷಕಿ ನೀಲಗಂಗಾ ಮಾಡುವ ನಮಸ್ಕಾರಗಳು. ಗಾಜು ಒಂದು ಮೂಲೆಯಲ್ಲಿ ಬಿರಿದಿದ್ದರೂ ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ.

ತಮಗೆ ತಿಳಿದಿರುವಂತೆ, ಸೋಲಾಪುರದಲ್ಲಿ ಎರಡು ದಿನ ತರಬೇತಿ ಪಡೆದು ಬಂದ ನಾನು ನಮ್ಮ ತರಗತಿಯನ್ನು ತಲೆಕೆಳಗು ಮಾಡಿದೆ; ಅಂದರೆ, ಮಕ್ಕಳು ಪಾಠವನ್ನು ಮನೆಯಲ್ಲಿ ವಿಡಿಯೊದಲ್ಲಿ ನೋಡಬೇಕು, ಮನೆಯಲ್ಲಿ ಮಾಡುತ್ತಿದ್ದ ಲೆಕ್ಕಗಳನ್ನು ಶಾಲೆಗೆ ಬಂದು ನನ್ನೆದುರು ಮಾಡಬೇಕು. ಮನೆಗೊಂದು ಮೊಬೈಲ್ ಇದ್ದರೆ ಸಾಕು ಎಂದರು ತರಬೇತಿ ಕೊಟ್ಟ ಮಹನೀಯರು. ಆ ಮೊಬೈಲ್ ಬೆಳಗ್ಗೆ ಏಳರ ಬಸ್ಸಿಗೆ ಹೋದರೆ ಮಕ್ಕಳು ಮಲಗಿದ ಮೇಲೆಯೇ ಮನೆಗೆ ಬರುವುದು ಎಂಬುದನ್ನು ಅವರೂ ಕೇಳಲಿಲ್ಲ, ಚಹಾ ಬಿಸ್ಕೀಟಿನ ಸಂಭ್ರಮದಲ್ಲಿ ನಾನೂ ಹೇಳಲಿಲ್ಲ.

ಇಂಥ ಅಡಚಣೆಗೆ ತಾವು ಜಗ್ಗಿದಿರೇನು? ಕುಕ್ಕರಿನ ಸೀಟಿಗಳ ನಡುವೆ ನಾನು ಅಡುಗೆಮನೆಯಲ್ಲಿ ತಯಾರಿಸಿದ ಎಂಟೂ ವಿಡಿಯೊಗಳನ್ನು, ಮೈಂದರ್ಗಿಯಿಂದ ಶಿವರಾಯರು ದುಡಿಯುವ ಸೋಲಾಪುರದ ಟಾವೆಲ್ ಕಾರ್ಖಾನೆಯವರೆಗಿನ ದಾರಿಯಲ್ಲಿ, ಕೆಲವನ್ನಂತೂ ಎರಡೆರಡು ಸಲ, ಶ್ರದ್ಧೆಯಿಂದ ಮುಗಿಸಿದಿರಿ. ಯಾರು ಎಷ್ಟು ವಿಡಿಯೊ ನೋಡಿದರೆಂದು ತೋರಿಸುವ ನನ್ನ ಪಟ್ಟಿಯಲ್ಲಿ ತಮ್ಮ ನಂಬರು ಶಿವರಾಯರ ಮಗಳು ಸಾಯಲಿಯ ಹೆಸರಿಗಿದ್ದುದರಿಂದ ವಿಡಿಯೊ ನೋಡುವುದರಲ್ಲಿ ಇಡೀ ತರಗತಿಗೆ ಅವಳೇ ಮೊದಲಿಗಳು. ಆದರೆ ಹಲಗೆಯ ಮುಂದೆ ನಿಲ್ಲಿಸಿದರೆ, ಅರ್ಧಕ್ಕೆ ಮೂರರಲ್ಲೊಂದು ಕೂಡಿಸಿ ಐದರಲ್ಲೆರಡು ಎಂದು ಬರೆದಳು, ಕೇಳಿದರೆ ವಿಡಿಯೊ ನೋಡಿಯೇ ಇಲ್ಲ ಎಂದಳು. ನಾನು ಹುಡುಗಿಯ ಮಾತು ಬಿಟ್ಟು ತಮ್ಮನ್ನು ನಂಬಿದೆ. ಸುಳ್ಳು ಹೇಳುತ್ತೀಯಾ ಎಂದು ಎಲ್ಲರೆದುರು ಗದರಿ, ಅಕ್ಕಲಕೋಟದ ಶಿಷ್ಯವೃತ್ತಿ ಪರೀಕ್ಷೆಗೆ ಹೋಗುವವರ ಪಟ್ಟಿಯಲ್ಲಿ ಅವಳ ಹೆಸರಿನ ಮೇಲೆ ಗೀಟು ಎಳೆದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಶನಿವಾರ ಶಿವರಾಯರೇ ಶಾಲೆಗೆ ಬಂದಾಗ ಸಂಗತಿ ಹೊರಬಿತ್ತು. “ಆಕಿ ಸುಳ್ಳ ಹೇಳಿಲ್ರಿ ಅಕ್ಕೋರ. ಬಸ್ಸಿನ್ಯಾಗ ನಾನಾ ನೋಡಾಕತ್ತೀನಿ. ಐದನೇತ್ತಾಗ ಸಾಲಿ ಬಿಟ್ಟಾಂವ ನಾ, ಈಗ ತಿಳೀತೈತಿ ಅಂತ ಬಿಡಾಕ ಮನಸಾಗ್ಲಿಲ್ರಿ,” ಎಂದು ತಲೆ ತಗ್ಗಿಸಿದರು. ಇಂಥ ವಿದ್ಯಾರ್ಥಿ ನನಗೆ ಹನ್ನೆರಡು ವರ್ಷದಲ್ಲಿ ಸಿಕ್ಕಿರಲಿಲ್ಲ. ಮಗಳು ದಿನಾ ಬೆಳಗ್ಗೆ ಊಟದ ಡಬ್ಬಿ ಹಿಡಿದು ಬಸ್ ಸ್ಟ್ಯಾಂಡಿನವರೆಗೆ ಬರುತ್ತಾಳೆಂದು ತಿಳಿದು, ಆ ಹತ್ತು ನಿಮಿಷದ ದಾರಿಯಲ್ಲಿ, ಬಸ್ಸಿನಲ್ಲಿ ನೋಡಿದ್ದನ್ನು ಅವಳಿಗೆ ಹೇಳಿಕೊಡಿ ಎಂದು ಶಿವರಾಯರನ್ನು ಕೇಳಿಕೊಂಡೆ.

ಮುಂದಿನ ಬುಧವಾರ ಸಾಯಲಿ ತಾನಾಗಿಯೇ ಹಲಗೆಯ ಹತ್ತಿರ ಬಂದಳು. “ತುಂಡಿನ ಅಳತಿ ಒಂದಾ ಆಗೂತನಾ ಕೂಡ್ಸಾಕ ಬರಂಗಿಲ್ರಿ. ಅಪ್ಪಾ ಟಾವೆಲ್ ಮಡಚಿ ತೋರ್ಸ್ಯಾನ,” ಎನ್ನುತ್ತ ಆರರಲ್ಲೈದು ಎಂದು ಬರೆದಳು. ನನ್ನ ಎಂಟು ವಿಡಿಯೊಗಳಲ್ಲಿ ಒಂದರಲ್ಲೂ ಟಾವೆಲ್ ಇರಲಿಲ್ಲ.

ಆದ್ದರಿಂದ ತಮ್ಮಲ್ಲಿ ಬಿನ್ನಹ: ವಾರಕ್ಕೊಂದು ದಿನ ಕಾರ್ಖಾನೆಗೆ ರಜೆ ಹಾಕಿ ತಾವು ಶಾಲೆಗೆ ದಯಮಾಡಿಸಬೇಕು, ಎರಡನೇ ಬೆಂಚಿನಲ್ಲಿ ಜಾಗ ಕಾದಿರಿಸಿದ್ದೇನೆ. ಬರುವಾಗ ಬಸ್ಸನ್ನೂ ಜೊತೆಗೆ ಕರೆತರಬೇಕು, ಏಕೆಂದರೆ ಕಂಡಕ್ಟರ್ ಕಲ್ಲಣ್ಣನವರಿಗೆ ಏಳನೇ ವಿಡಿಯೊದಲ್ಲಿ ಒಂದು ಸಂಶಯ ಉಳಿದಿದೆಯಂತೆ.

ಸಾಯಲಿಯ ಹೆಸರನ್ನು ಪಟ್ಟಿಯಲ್ಲಿ ಮತ್ತೆ ಬರೆದಿದ್ದೇನೆ. ಗದರಿದ ತರಗತಿಯೆದುರೇ ನಿಂತು, ನನ್ನದು ತಪ್ಪಾಯಿತು ಎಂದೂ ಹೇಳಿದೆ. ಅವಳು ಸೀಮೆಸುಣ್ಣದ ಕೈ ಒರೆಸಿಕೊಂಡು, “ಇರ್ಲಿ ಬಿಡ್ರಿ ಅಕ್ಕೋರ. ಅಪ್ಪಗ ಕಳಿಯೂದು ಇನ್ನಾ ತಿಳಿದಿಲ್ಲ, ನಾಳಿಗಿ ನಾ ಹೇಳಿಕೊಡ್ತೀನಿ,” ಎಂದಳು.

ಇಷ್ಟೆಲ್ಲ ಆದ ಮೇಲೂ ತಮ್ಮ ವಿಶ್ವಾಸಿಯಾಗಿ ಉಳಿದಿರುವ,
ನೀಲಗಂಗಾ

ತಾ.ಕ.: ಅತಿ ಹೆಚ್ಚು ವಿಡಿಯೊ ನೋಡಿದ ವಿದ್ಯಾರ್ಥಿಯೆಂದು ತರಬೇತಿಯವರು ತಮ್ಮ ನಂಬರಿಗೆ ಪ್ರಮಾಣಪತ್ರ ಕಳಿಸಿದ್ದಾರೆ, ಅಭಿನಂದನೆಗಳು. ಲೆಕ್ಕ ಬಂದವರಿಗೂ ಏನಾದರೂ ಉಂಟೇ ಎಂದು ವಿಚಾರಿಸಿದೆ. ಅದಕ್ಕೆ ಅವರ ಫಾರ್ಮಿನಲ್ಲಿ ಜಾಗವಿಲ್ಲವಂತೆ.